ಪ್ರತಿಜ್ಞೆಗೆ ಎದ್ದು ನಿಲ್ಲದ ವಿದ್ಯಾರ್ಥಿನಿ: ನ್ಯೂಜೆರ್ಸಿಯ ಒಂದು ಪ್ರಕರಣ

ಈ ಪ್ರಕರಣದಲ್ಲಿ ಬರುವ ಕುಟುಂಬ, ಶಾಲೆ, ಊರು ಯಾವುದನ್ನೂ ಹೆಸರಿಸಿಲ್ಲ. ಗುರುತು ಹತ್ತಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ನ್ಯೂಜೆರ್ಸಿ ಎಂಬ ರಾಜ್ಯದ ಹೆಸರನ್ನು ಮಾತ್ರ ಹಾಗೆಯೇ ಉಳಿಸಿಕೊಂಡಿದ್ದೇನೆ, ಏಕೆಂದರೆ ಪ್ರಕರಣದ ಗಂಟು ಇರುವುದೇ ಆ ರಾಜ್ಯದ ಕಾನೂನಿನ ಒಂದು ಸಾಲಿನಲ್ಲಿ. ಅಮೆರಿಕದ ಪೌರತ್ವ ಪರೀಕ್ಷೆಗೆ ಓದುವವರಿಗೆ ಗ್ರಂಥಾಲಯದಲ್ಲಿ ಪಾಠ ಹೇಳುವ ಸ್ವಯಂಸೇವಕ ನಾನು, ವಕೀಲನಲ್ಲ. ಹುಡುಗಿ ಮತ್ತು ಅವಳ ತಂದೆ ತಾಯಿ ಒಪ್ಪಿದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. ಧ್ವಜಪ್ರತಿಜ್ಞೆಗೆ ಮಗು ಎದ್ದು ನಿಲ್ಲಲಿಲ್ಲವೆಂಬ ಇಂಥದೇ ದೂರು ನಾಳೆ ಶಾಲೆಯಿಂದ ಇನ್ನೊಂದು ಕನ್ನಡ ಮನೆಗೆ ಬಂದರೆ ಆ ಮನೆಯವರು ಕತ್ತಲೆಯಲ್ಲಿ ತಡಕಾಡಬಾರದು ಎಂಬುದು ನಮ್ಮೆಲ್ಲರ ಆಸೆ.

ಹಿನ್ನೆಲೆ

ತಂದೆ ಸಾಫ್ಟ್‌ವೇರ್ ಎಂಜಿನಿಯರ್, ಎಚ್-1ಬಿ ಎಂಬ ಉದ್ಯೋಗ ವೀಸಾದಲ್ಲಿ ಬಂದವರು. ತಾಯಿ ಕರ್ನಾಟಕದಲ್ಲಿ ಪ್ರೌಢಶಾಲೆಯ ಸಮಾಜ ವಿಜ್ಞಾನ ಶಿಕ್ಷಕಿಯಾಗಿದ್ದವರು. ಅಮೆರಿಕಕ್ಕೆ ಬಂದಾಗ ಮಗಳು ಇನ್ನೂ ಚಿಕ್ಕವಳು, ಈಗ ಸರ್ಕಾರಿ ಹೈಸ್ಕೂಲಿನ ಹತ್ತನೇ ತರಗತಿ. ಗ್ರೀನ್ ಕಾರ್ಡ್ (ಕಾಯಂ ವಾಸದ ಅನುಮತಿ) ಅರ್ಜಿಗೆ ಮೊದಲ ಹಂತದ ಒಪ್ಪಿಗೆ ಸಿಕ್ಕಿ ವರ್ಷಗಳೇ ಕಳೆದಿದ್ದರೂ ಸರದಿ ಬಂದಿಲ್ಲ. ಉದ್ಯೋಗ ಆಧಾರಿತ ಗ್ರೀನ್ ಕಾರ್ಡುಗಳಲ್ಲಿ ಒಂದು ದೇಶದಲ್ಲಿ ಹುಟ್ಟಿದವರಿಗೆ ವರ್ಷಕ್ಕೆ ಸುಮಾರು ಶೇ. 7ಕ್ಕಿಂತ ಹೆಚ್ಚು ಸಿಗಬಾರದೆಂಬ ಮಿತಿ ಇರುವುದರಿಂದ ಭಾರತೀಯರ ಸಾಲು ಬಹಳ ಉದ್ದ. ಅಷ್ಟರೊಳಗೆ ಮಗುವಿಗೆ 21 ತುಂಬಿದರೆ ಅದು ಸಾಮಾನ್ಯವಾಗಿ ತಂದೆಯ ಅರ್ಜಿಯಿಂದ ಹೊರಬೀಳುತ್ತದೆ. ಇದು ಆ ಮನೆಯಲ್ಲಿ ಊಟದ ಹೊತ್ತಿಗೂ ಬಂದು ಕೂರುವ ಚಿಂತೆ.

ಆ ಶಾಲೆಯಲ್ಲಿ ಪ್ರತಿದಿನ ಬೆಳಿಗ್ಗೆ, ಹಾಜರಿ ಹಾಕುವ ಹೋಮ್‌ರೂಮ್ ಅವಧಿಯಲ್ಲಿ ಧ್ವನಿವರ್ಧಕದ ಮೂಲಕ ಧ್ವಜಪ್ರತಿಜ್ಞೆ ಕೇಳಿಬರುತ್ತದೆ. ಮಕ್ಕಳು ಬಲಗೈಯನ್ನು ಎದೆಯ ಮೇಲಿಟ್ಟು ಅಮೆರಿಕದ ಧ್ವಜಕ್ಕೂ ಅದು ಪ್ರತಿನಿಧಿಸುವ ಗಣರಾಜ್ಯಕ್ಕೂ ನಿಷ್ಠೆ ಘೋಷಿಸುತ್ತಾರೆ. ಫ್ರಾನ್ಸಿಸ್ ಬೆಲ್ಲಮಿ 1892ರಲ್ಲಿ ಬರೆದ ಪ್ರತಿಜ್ಞೆ ಇದು. ‘ದೇವರ ಅಧೀನದಲ್ಲಿ’ ಎಂಬ ಮಾತನ್ನು ಸೇರಿಸಿದ್ದು 1954ರಲ್ಲಿ.

ಹುಡುಗಿ ಎಂಟನೇ ತರಗತಿಯವರೆಗೆ ಎಲ್ಲರಂತೆ ಹೇಳಿದಳು. ಒಂಬತ್ತರಲ್ಲಿ ಸುಮ್ಮನೆ ಎದ್ದು ನಿಲ್ಲತೊಡಗಿದಳು. ಅವಳ ಕಾರಣ ಧರ್ಮಕ್ಕೆ ಸಂಬಂಧಿಸಿದ್ದಲ್ಲ, ಪ್ರತಿಭಟನೆಯೂ ಅಲ್ಲ. ತನ್ನ ಪಾಸ್‌ಪೋರ್ಟ್ ಭಾರತದ್ದು. ಈ ದೇಶ ತನ್ನನ್ನು ಇಟ್ಟುಕೊಳ್ಳುತ್ತದೋ ಕಳುಹಿಸುತ್ತದೋ ತಿಳಿಯದು. ಹೀಗಿರುವಾಗ ದಿನವೂ ಅದಕ್ಕೆ ನಿಷ್ಠೆ ಘೋಷಿಸಿದರೆ ಬಾಯಿಂದ ಸುಳ್ಳು ಬಂದಂತಾಗುತ್ತದೆ ಎಂದು ಅವಳು ಭಾವಿಸಿದ್ದಳು. ಪ್ರಮಾಣವನ್ನು ಅಷ್ಟು ಗಂಭೀರವಾಗಿ ತೆಗೆದುಕೊಳ್ಳುವ ಮಕ್ಕಳು ಎಷ್ಟು ಮಂದಿ ಸಿಕ್ಕಾರು? ಅವಳ ಬಗ್ಗೆ ನನಗೆ ಮೊದಲ ದಿನವೇ ಗೌರವ ಮೂಡಿದ್ದು ಈ ಕಾರಣಕ್ಕೆ.

ಸಮಸ್ಯೆ

ಹತ್ತನೇ ತರಗತಿಯಲ್ಲಿ ಹೋಮ್‌ರೂಮ್ ಶಿಕ್ಷಕಿ ಬದಲಾದರು. ಮಗ ನೌಕಾಪಡೆಯಲ್ಲಿರುವ ತಾಯಿ ಅವರು. ಒಂದು ಬೆಳಿಗ್ಗೆ, ಯಾರನ್ನೂ ಬೈಯದೆ, ಪ್ರೀತಿಯಿಂದಲೇ, “ಹೇಳದಿದ್ದರೂ ಚಿಂತೆಯಿಲ್ಲ, ನೀವೆಲ್ಲ ಎದ್ದು ನಿಂತರೆ ಹೇಳಿದ ಹಾಗೆಯೇ” ಎಂದರು. ಹುಡುಗಿ ಆ ಮಾತನ್ನು ತೂಗಿ ನೋಡಿದಳು. ನಿಂತರೆ ಹೇಳಿದಂತೆ ಎಂದಾದರೆ ನಿಲ್ಲುವುದೂ ತನ್ನಿಂದ ಆಗದು. ಮರುದಿನ ಎರಡೂ ಕೈಗಳನ್ನು ಡೆಸ್ಕಿನ ಮೇಲಿಟ್ಟು ಸದ್ದಿಲ್ಲದೆ ಕುಳಿತಳು.

ಶಿಕ್ಷಕಿ ಎದ್ದು ನಿಲ್ಲಲು ಹೇಳಿದರು, ಅವಳು ನಿಲ್ಲಲಿಲ್ಲ. ‘ಅವಿಧೇಯತೆ’ ಎಂದು ಬರೆದ ಚೀಟಿ ಕಚೇರಿಗೆ ಹೋಯಿತು. ಮಾರನೆಯ ದಿನವೂ ಹಾಗೆಯೇ ಆದಾಗ ಶಾಲೆ ಬಿಟ್ಟ ಮೇಲೆ ಡಿಟೆನ್ಷನ್ (ಶಿಕ್ಷೆಯಾಗಿ ಶಾಲೆಯಲ್ಲೇ ಕೂರಿಸುವುದು) ಕೊಟ್ಟರು. ಮುಂದುವರಿದರೆ ಒಂದು ದಿನದ ಅಮಾನತು ಎಂದು ಉಪ ಪ್ರಾಂಶುಪಾಲರು ಮನೆಗೆ ಫೋನ್ ಮಾಡಿ ತಿಳಿಸಿದರು.

ತಂದೆ ಬೆಚ್ಚಿದರು. ವೀಸಾದಲ್ಲಿರುವವರ ಮನೆಯಲ್ಲಿ ‘ಅವಿಧೇಯತೆ’ ಎಂಬ ಪದಕ್ಕೆ ಬೇರೆಯೇ ಭಾರ. ಶಾಲೆಯ ದಾಖಲೆ ವಲಸೆ ಇಲಾಖೆಗೆ ಹೋದರೆ? ಗ್ರೀನ್ ಕಾರ್ಡಿಗೆ ಕಲ್ಲು ಬಿದ್ದರೆ? ವಿದೇಶಿ ವಿದ್ಯಾರ್ಥಿಗಳ ವೀಸಾಗಳನ್ನು ಅವರ ಮಾತು ಮತ್ತು ಪ್ರತಿಭಟನೆಗಳ ಕಾರಣಕ್ಕೆ ರದ್ದುಪಡಿಸಿದ 2025ರ ಸುದ್ದಿಗಳನ್ನು ಅವರು ಓದಿದ್ದರು. ಆ ಭಯವನ್ನು ಅತಿರೇಕ ಎಂದು ತಳ್ಳಿಹಾಕಲು ನಾನು ಒಪ್ಪುವುದಿಲ್ಲ.

ಮೊದಲ ಪ್ರಯತ್ನಗಳು

ಅದೇ ರಾತ್ರಿ ತಂದೆ ಕ್ಷಮಾಪಣೆಯ ಪತ್ರ ಬರೆದು ಮಗಳ ಮುಂದಿಟ್ಟರು. ಅವಳು ಸಹಿ ಹಾಕಲಿಲ್ಲ. “ಅಪ್ಪ, ನಾನು ಯಾರಿಗೂ ತೊಂದರೆ ಕೊಟ್ಟಿಲ್ಲ” ಎಂದಷ್ಟೇ ಹೇಳಿದಳು. ಜಗಳ ಏರುವ ಹೊತ್ತಿಗೆ ತಾಯಿ ನಡುವೆ ಬಂದರು. “ಕ್ಷಮೆ ಕೇಳುವ ಮೊದಲು ತಪ್ಪು ಯಾವುದೆಂದು ತಿಳಿದುಕೊಳ್ಳೋಣ” ಎಂದರು. ಇಡೀ ಪ್ರಕರಣದ ಮೊದಲ ತಿರುವು ಇದು. ಆ ಪತ್ರ ಹೋಗಿದ್ದರೆ ತಪ್ಪನ್ನು ಒಪ್ಪಿಕೊಂಡಂತಾಗಿ, ಮುಂದಿನ ಮಾತುಕತೆಯೆಲ್ಲ ಆ ಒಪ್ಪಿಗೆಯಿಂದಲೇ ಶುರುವಾಗುತ್ತಿತ್ತು.

ಕ್ಷಮಾಪಣೆ ಬೇಡವೆಂದಾದ ಮೇಲೆ ತಂದೆಯ ಯೋಚನೆ ಎದುರು ದಿಕ್ಕಿಗೆ ಹೊರಳಿತು. ದೂರು ಕೊಡುವುದಾದರೆ ಎಲ್ಲಕ್ಕಿಂತ ಮೇಲಿರುವವರಿಗೇ ಕೊಡೋಣ ಎಂದರು. ನ್ಯೂಯಾರ್ಕಿನ ಭಾರತೀಯ ಕಾನ್ಸುಲೇಟ್, ವಾಷಿಂಗ್ಟನ್ನಿನ ಶಿಕ್ಷಣ ಇಲಾಖೆ, ಸಂಸತ್ ಸದಸ್ಯರು ಹೀಗೆ ಪಟ್ಟಿ ಬೆಳೆಯಿತು. ನಮ್ಮ ಕಡೆಯವರಿಗೆ ಇದು ಸಹಜ. ಊರಿನಲ್ಲಿ ಶಾಲೆಯ ಸಮಸ್ಯೆಯನ್ನು ಬಿಇಒ ಬಳಿ, ಆಗದಿದ್ದರೆ ಡಿಡಿಪಿಐ ಬಳಿ, ಅದೂ ಆಗದಿದ್ದರೆ ಶಾಸಕರ ಮನೆಗೆ ಒಯ್ಯುತ್ತೇವೆ. ಮೇಲಿನವರು ಹೇಳಿದರೆ ಕೆಳಗಿನವರು ಕೇಳುತ್ತಾರೆ ಎಂಬ ನಂಬಿಕೆ.

ಅಮೆರಿಕದ ಶಾಲೆಗೆ ಆ ಏಣಿ ಹೊಂದುವುದಿಲ್ಲ. ಅಲ್ಲಿನ ಸಂವಿಧಾನದಲ್ಲಿ ‘ಶಿಕ್ಷಣ’ ಎಂಬ ಪದವೇ ಇಲ್ಲ. ಒಕ್ಕೂಟ (ಕೇಂದ್ರ) ಸರ್ಕಾರಕ್ಕೆ ಕೊಡದೆ ಉಳಿದ ಅಧಿಕಾರಗಳೆಲ್ಲ ರಾಜ್ಯಗಳಿಗೆ ಅಥವಾ ಜನರಿಗೆ ಸೇರಿದ್ದು ಎಂದು ಹತ್ತನೇ ತಿದ್ದುಪಡಿ ಹೇಳುವುದರಿಂದ ಶಾಲೆ ನಡೆಸುವುದು ರಾಜ್ಯದ ಕೆಲಸ. ರಾಜ್ಯಗಳು ಆ ಕೆಲಸವನ್ನು ಬಹುಪಾಲು ಸ್ಥಳೀಯ ಶಾಲಾ ಜಿಲ್ಲೆಗಳಿಗೆ ವಹಿಸಿವೆ. ದೇಶದಲ್ಲಿ ಇಂಥ ಜಿಲ್ಲೆಗಳು ಸುಮಾರು 13,000. ನ್ಯೂಜೆರ್ಸಿಯೊಂದರಲ್ಲೇ ಸುಮಾರು 600. ಪ್ರತಿ ಜಿಲ್ಲೆಗೂ ಒಂದು ಶಿಕ್ಷಣ ಮಂಡಳಿ, ಹೆಚ್ಚಿನ ಕಡೆ ಊರಿನವರೇ ಮತ ಹಾಕಿ ಆರಿಸಿದ್ದು. ಅದು ನೇಮಿಸುವ ಸೂಪರಿಂಟೆಂಡೆಂಟ್ ಆಡಳಿತ ನೋಡಿಕೊಳ್ಳುತ್ತಾರೆ, ಕಾನೂನಿನ ಸಲಹೆಗೆ ಮಂಡಳಿಗೆ ಒಬ್ಬ ವಕೀಲರಿರುತ್ತಾರೆ. ಹೋಮ್‌ರೂಮಿನ ಸಮಸ್ಯೆಯನ್ನು ಬಗೆಹರಿಸುವ ಅಧಿಕಾರವಿದ್ದದ್ದು ಮನೆಯಿಂದ ಕಾರಿನಲ್ಲಿ ಹತ್ತು ನಿಮಿಷದ ದಾರಿಯ ಒಂದು ಕಚೇರಿಗೆ. ಅಮೆರಿಕದ ಅಧ್ಯಕ್ಷರಿಗೂ ಆ ಡಿಟೆನ್ಷನ್ ರದ್ದು ಮಾಡುವ ಅಧಿಕಾರವಿಲ್ಲ ಎಂಬುದನ್ನು ತಂದೆ ನಂಬಲಿಲ್ಲ.

ಆಮೇಲೆ ತಂದೆ ತಾಯಿ ಇಬ್ಬರೂ ಪ್ರಾಂಶುಪಾಲರನ್ನು ಕಂಡರು. ಅವರು ಸೌಜನ್ಯದಿಂದಲೇ ವಿದ್ಯಾರ್ಥಿ ಕೈಪಿಡಿ ತೆರೆದು ಒಂದು ಸಾಲಿನ ಮೇಲೆ ಬೆರಳಿಟ್ಟರು. ಆತ್ಮಸಾಕ್ಷಿಯ ಅಡ್ಡಿ ಇರುವ ವಿದ್ಯಾರ್ಥಿಗಳು ಪ್ರತಿಜ್ಞೆ ಹೇಳಬೇಕಾಗಿಲ್ಲ, ವಂದಿಸಬೇಕಾಗಿಲ್ಲ. ಆದರೆ ಆ ಹೊತ್ತಿನಲ್ಲಿ ನೆಟ್ಟಗೆ ನಿಂತು ಧ್ವಜಕ್ಕೆ ಪೂರ್ಣ ಗೌರವ ತೋರಿಸಬೇಕು, ಹುಡುಗರು ಟೋಪಿ ತೆಗೆಯಬೇಕು. ಸಾಲಿನ ಕೆಳಗೆ ರಾಜ್ಯ ಕಾನೂನಿನ ಕಲಮಿನ ಸಂಖ್ಯೆ. “ಇದು ನಮ್ಮ ನಿಯಮವಲ್ಲ, ರಾಜ್ಯದ ಕಾನೂನು” ಎಂದರು ಪ್ರಾಂಶುಪಾಲರು. ತಾಯಿ ಮನೆಗೆ ಬಂದು ಆ ಕಲಮನ್ನು ಹುಡುಕಿದರು. ಕಾನೂನು ನಿಜವಾಗಿಯೂ ಇತ್ತು, ಪದಗಳೂ ಅವೇ. ಅಲ್ಲಿಗೆ ದಾರಿ ಮುಗಿಯಿತು ಎಂದು ಮೂವರೂ ಅಂದುಕೊಂಡರು. ತಾಯಿ ಗಂಡ ಮತ್ತು ಮಗಳೊಂದಿಗೆ ಗ್ರಂಥಾಲಯಕ್ಕೆ ನನ್ನ ಬಳಿ ಬಂದದ್ದು ಆ ವಾರ.

ಮೇಜಿನ ಮೇಲಿನ ಮೂರು ಪ್ರಶ್ನೆಗಳು

ತಂದೆಯ ಮೊದಲ ತಕರಾರು ಸರಳವಾಗಿತ್ತು: “ನಾವು ಇಲ್ಲಿಯ ಪ್ರಜೆಗಳಲ್ಲ. ನಮಗೆಲ್ಲಿಯ ವಾಕ್ ಸ್ವಾತಂತ್ರ್ಯ?” ಇದು ಅಜ್ಞಾನದ ಮಾತಲ್ಲ, ಭಾರತದ ಸಂವಿಧಾನವನ್ನು ಸರಿಯಾಗಿ ಓದಿದವರ ಮಾತು. ನಮ್ಮ 19ನೇ ವಿಧಿ ವಾಕ್ ಸ್ವಾತಂತ್ರ್ಯವನ್ನು ಕೊಡುವುದು ‘ಎಲ್ಲ ನಾಗರಿಕರಿಗೆ’. ಸಮಾನತೆಯ 14ನೇ ವಿಧಿ, ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ 21ನೇ ವಿಧಿ ‘ಯಾವುದೇ ವ್ಯಕ್ತಿ’ಗೆ ಅನ್ವಯಿಸುತ್ತವೆ, ಮಾತಿನ ಹಕ್ಕು ಹಾಗಲ್ಲ. ವಾಕ್ ಸ್ವಾತಂತ್ರ್ಯವನ್ನು ಕಾಯುವ, ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿಯ ಕಟ್ಟೋಣವೇ ಬೇರೆ. ಅದು ಯಾರಿಗೂ ಏನನ್ನೂ ಕೊಡುವುದಿಲ್ಲ. ಸರ್ಕಾರ ಏನು ಮಾಡಬಾರದು ಎಂದು ಹೇಳುತ್ತದೆ. ಹಾಗಾಗಿ ಮಾತನಾಡುವವರು ಪ್ರಜೆಯೋ ಅಲ್ಲವೋ ಎಂಬ ಪ್ರಶ್ನೆ ಅದರ ಅಕ್ಷರಗಳಲ್ಲಿ ಏಳುವುದೇ ಇಲ್ಲ. ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಕಾರ್ಮಿಕ ನಾಯಕ ಹ್ಯಾರಿ ಬ್ರಿಡ್ಜಸ್ ಅವರನ್ನು ಗಡೀಪಾರು ಮಾಡಲು ಸರ್ಕಾರ ಹೊರಟಾಗ, ದೇಶದಲ್ಲಿ ವಾಸಿಸುವ ವಿದೇಶಿಯರಿಗೂ ವಾಕ್ ಸ್ವಾತಂತ್ರ್ಯ ಇದೆ ಎಂದು 1945ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಇದನ್ನು ತೋರಿಸಲು ನಾನು ಪೌರತ್ವ ಪರೀಕ್ಷೆಯ ಪ್ರಶ್ನೆಪಟ್ಟಿಯನ್ನೇ ತೆಗೆದೆ. 2008ರ ಆವೃತ್ತಿಯ ನೂರು ಪ್ರಶ್ನೆಗಳಲ್ಲಿ 50ನೆಯದು, ಪ್ರಜೆಗಳಿಗೆ ಮಾತ್ರ ಇರುವ ಒಂದು ಹಕ್ಕನ್ನು ಹೇಳಿ ಎನ್ನುತ್ತದೆ. ಒಕ್ಕೂಟದ ಚುನಾವಣೆಯಲ್ಲಿ ಮತ ಹಾಕುವುದು ಅಥವಾ ಸ್ಪರ್ಧಿಸುವುದು ಅದರ ಉತ್ತರ. 51ನೆಯದು, ಅಮೆರಿಕದಲ್ಲಿ ವಾಸಿಸುವ ಪ್ರತಿಯೊಬ್ಬರಿಗೂ ಇರುವ ಎರಡು ಹಕ್ಕುಗಳನ್ನು ಕೇಳುತ್ತದೆ. ಅಭಿವ್ಯಕ್ತಿ, ಮಾತು, ಸಭೆ, ಧರ್ಮ, ಸರ್ಕಾರಕ್ಕೆ ಅಹವಾಲು ಸಲ್ಲಿಸುವ ಹಕ್ಕು ಇವೆಲ್ಲ ಅದರ ಉತ್ತರಗಳು. 52ನೆಯದು ಧ್ವಜಪ್ರತಿಜ್ಞೆ ಹೇಳುವಾಗ ಯಾವುದಕ್ಕೆ ನಿಷ್ಠೆ ತೋರಿಸುತ್ತೇವೆ ಎಂದು ಕೇಳುತ್ತದೆ. 53ನೆಯದು ಪೌರತ್ವ ಪಡೆಯುವಾಗ ಮಾಡುವ ವಾಗ್ದಾನದ ಬಗ್ಗೆ. ಬೇರೆ ದೇಶಗಳ ಮೇಲಿನ ನಿಷ್ಠೆಯನ್ನು ಬಿಡುವುದು ಅದರ ಉತ್ತರಗಳಲ್ಲಿ ಒಂದು. ಹುಡುಗಿ 53ನೆಯ ಪ್ರಶ್ನೆಯನ್ನು ಎರಡು ಸಲ ಓದಿ, “ಆ ವಾಗ್ದಾನಕ್ಕೆ ಒಂದು ದಿನ, ಒಂದು ಸಮಾರಂಭ ಇದೆ ಎಂದಾಯಿತು. ನನಗೆ ಆ ದಿನ ಇನ್ನೂ ಬಂದಿಲ್ಲ” ಎಂದಳು. ತಂದೆ ಆ ಪುಟವನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರು. ಸರ್ಕಾರವೇ ಅಚ್ಚು ಹಾಕಿದ ಕಾಗದ ಅವರಿಗೆ ನನ್ನ ಮಾತಿಗಿಂತ ಹೆಚ್ಚು ಧೈರ್ಯ ಕೊಟ್ಟಿತು.

ಎರಡನೆಯ ಪ್ರಶ್ನೆ ತಾಯಿಯದು. 1791ರಲ್ಲಿ ಅಂಗೀಕಾರವಾದ ಮೊದಲ ತಿದ್ದುಪಡಿ ಶುರುವಾಗುವುದೇ ‘ಕಾಂಗ್ರೆಸ್ ಯಾವ ಕಾನೂನನ್ನೂ ಮಾಡತಕ್ಕದ್ದಲ್ಲ’ ಎಂದು. ಕಾಂಗ್ರೆಸ್ ಎಂದರೆ ಅಲ್ಲಿನ ಸಂಸತ್ತು. ಊರಿನ ಶಾಲೆಯ ಶಿಕ್ಷಕಿಗೆ ಇದು ಹೇಗೆ ತಗಲುತ್ತದೆ? ಬಹಳ ಜನ ಇಲ್ಲಿ ಎಡವುತ್ತಾರೆ. ಸುಮಾರು ನೂರು ವರ್ಷ ಹಕ್ಕುಗಳ ಪಟ್ಟಿ (ಸಂವಿಧಾನದ ಮೊದಲ ಹತ್ತು ತಿದ್ದುಪಡಿಗಳು) ಒಕ್ಕೂಟ ಸರ್ಕಾರವನ್ನು ಮಾತ್ರ ಕಟ್ಟಿಹಾಕಿತ್ತು. ರಾಜ್ಯಗಳಿಗೆ ಆ ಅಂಕುಶ ಇರಲಿಲ್ಲ. ಅಂತರ್ಯುದ್ಧ ಮುಗಿದು ಗುಲಾಮಗಿರಿ ಅಳಿದ ಮೇಲೆ, 1868ರಲ್ಲಿ ಬಂದ 14ನೇ ತಿದ್ದುಪಡಿಯು ಯಾವ ರಾಜ್ಯವೂ ಯಾವ ವ್ಯಕ್ತಿಯ ಸ್ವಾತಂತ್ರ್ಯವನ್ನೂ ನ್ಯಾಯಸಮ್ಮತ ಕ್ರಮವಿಲ್ಲದೆ ಕಸಿಯಬಾರದು ಎಂದಿತು. ಆ ‘ಸ್ವಾತಂತ್ರ್ಯ’ದೊಳಗೆ ವಾಕ್ ಸ್ವಾತಂತ್ರ್ಯವೂ ಸೇರಿದೆ ಎಂದು ಸುಪ್ರೀಂ ಕೋರ್ಟ್ 1925ರ ಗಿಟ್ಲೋ ಪ್ರಕರಣದಿಂದ ಒಪ್ಪುತ್ತ ಬಂದಿದೆ. ಶಾಲಾ ಜಿಲ್ಲೆ ರಾಜ್ಯದ ಅಂಗ, ಶಿಕ್ಷಕಿ ಅದರ ನೌಕರರು. ಆದ್ದರಿಂದ ಹೋಮ್‌ರೂಮಿನಲ್ಲಿ ಅವರು ಕೊಡುವ ಆಜ್ಞೆ ಸರ್ಕಾರದ ಆಜ್ಞೆ. ಅದೇ ಬೀದಿಯ ಖಾಸಗಿ ಶಾಲೆಯಲ್ಲಿ ಇದೇ ಘಟನೆ ನಡೆದಿದ್ದರೆ ಈ ವಾದ ನಿಲ್ಲುತ್ತಿರಲಿಲ್ಲ. ಖಾಸಗಿ ಸಂಸ್ಥೆಯ ಮೇಲೆ ಮೊದಲ ತಿದ್ದುಪಡಿಯ ಹಿಡಿತವಿಲ್ಲ.

ಶಾಲೆ ಮತ್ತು ಧ್ವಜದ ಕುರಿತಾದ ತೀರ್ಪು ಎರಡನೇ ಮಹಾಯುದ್ಧದ ನಡುವೆ ಬಂದದ್ದು. ಯೆಹೋವನ ಸಾಕ್ಷಿಗಳೆಂಬ ಕ್ರೈಸ್ತ ಪಂಥದ ಮಕ್ಕಳು ಧ್ವಜವಂದನೆ ಮಾಡಲಿಲ್ಲವೆಂದು ಪೆನ್ಸಿಲ್ವೇನಿಯಾದ ಶಾಲೆ ಹೊರಹಾಕಿದ್ದನ್ನು 1940ರಲ್ಲಿ ಸುಪ್ರೀಂ ಕೋರ್ಟ್ 8-1ರಿಂದ ಎತ್ತಿಹಿಡಿಯಿತು. ಆ ತೀರ್ಪಿನ ಬೆನ್ನಲ್ಲೇ ಆ ಪಂಥದವರ ಮೇಲೆ ಹಲವೆಡೆ ಗುಂಪುಗಳು ದಾಳಿ ಮಾಡಿದವು. ಮೂರೇ ವರ್ಷದಲ್ಲಿ, 1943ರ ಜೂನ್ 14ರಂದು, ವೆಸ್ಟ್ ವರ್ಜೀನಿಯಾದ ಬಾರ್ನೆಟ್ ಪ್ರಕರಣದಲ್ಲಿ ನ್ಯಾಯಾಲಯ 6-3ರಿಂದ ತನ್ನದೇ ತೀರ್ಪನ್ನು ಕಿತ್ತುಹಾಕಿತು. ದೇಶದ ಗಂಡುಮಕ್ಕಳು ಆ ಧ್ವಜದ ಅಡಿಯಲ್ಲಿ ಸಾಯುತ್ತಿದ್ದ ದಿನಗಳವು. ಆ ಹೊತ್ತಿನಲ್ಲಿ ನ್ಯಾಯಮೂರ್ತಿ ರಾಬರ್ಟ್ ಜಾಕ್ಸನ್, ರಾಜಕೀಯ, ರಾಷ್ಟ್ರಪ್ರೇಮ, ಧರ್ಮ ಇವುಗಳಲ್ಲಿ ಯಾವುದು ಸರಿಯಾದ ನಂಬಿಕೆ ಎಂದು ವಿಧಿಸುವ ಅಥವಾ ಅದನ್ನು ಬಾಯಿಬಿಟ್ಟು ಒಪ್ಪಿಕೊಳ್ಳುವಂತೆ ಬಲವಂತ ಮಾಡುವ ಹಕ್ಕು ಯಾವ ಅಧಿಕಾರಿಗೂ ಇಲ್ಲ ಎಂದು ಬರೆದರು. ಈ ತೀರ್ಪನ್ನು ಎಷ್ಟು ಸಲ ಪಾಠ ಮಾಡಿದರೂ ನನಗೆ ಮೈ ಜುಮ್ಮೆನ್ನುತ್ತದೆ. ನಮ್ಮ ಪ್ರಕರಣಕ್ಕೆ ಮುಖ್ಯವಾದ ಅಂಶ ಇನ್ನೊಂದಿದೆ: ಅದು ನಿಂತಿರುವುದು ವಾಕ್ ಸ್ವಾತಂತ್ರ್ಯದ ಮೇಲೆ. ಹುಡುಗಿಗೆ ಧಾರ್ಮಿಕ ಕಾರಣ ಬೇಕಾಗಿಯೇ ಇರಲಿಲ್ಲ.

ಅಷ್ಟರಲ್ಲಿ ತಾಯಿಗೆ ತಾವು ಹಿಂದೆ ಪಾಠ ಹೇಳಿದ ಕೇರಳದ ಮಕ್ಕಳ ಪ್ರಕರಣ ನೆನಪಾಯಿತು. ಅದೇ ಪಂಥದ ಮೂವರು ಮಕ್ಕಳು ರಾಷ್ಟ್ರಗೀತೆ ಹಾಡಲಿಲ್ಲವೆಂದು 1985ರಲ್ಲಿ ಶಾಲೆಯಿಂದ ಹೊರಹಾಕಲ್ಪಟ್ಟಿದ್ದರು. ಬಿಜೋ ಇಮ್ಯಾನುಯಲ್ ಪ್ರಕರಣವೆಂದು ಹೆಸರಾದ ಅದರಲ್ಲಿ ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ 1986ರಲ್ಲಿ ಮಕ್ಕಳ ಪರ ತೀರ್ಪು ಕೊಟ್ಟರು, ಅಮೆರಿಕದ ಬಾರ್ನೆಟ್ ತೀರ್ಪನ್ನೂ ಉಲ್ಲೇಖಿಸಿದರು. ತಂದೆ ಬಿಡಲಿಲ್ಲ. “ಆ ಮಕ್ಕಳು ಹಾಡದಿದ್ದರೂ ಗೌರವದಿಂದ ಎದ್ದು ನಿಂತಿದ್ದರು. ನಮ್ಮವಳು ಕುಳಿತಿದ್ದಾಳೆ” ಎಂದರು. ಅವರು ಹೇಳಿದ್ದು ನಿಜ. ಬಾರ್ನೆಟ್ ತೀರ್ಪಿನಲ್ಲೂ ನೇರವಾಗಿ ಚರ್ಚೆಯಾದದ್ದು ವಂದನೆ ಮತ್ತು ಪ್ರತಿಜ್ಞೆ. ಹಾಗಾಗಿ ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ಕಠಿಣವಾಗಿತ್ತು: ಹೇಳದೆ ಇರುವ ಹಕ್ಕು ಸರಿ, ನಿಲ್ಲದೆ ಇರುವ ಹಕ್ಕು ಇದೆಯೇ? ಅದೂ ರಾಜ್ಯದ ಕಾನೂನು ‘ನಿಲ್ಲಬೇಕು’ ಎಂದು ಬರೆದಿರುವಾಗ?

ಉತ್ತರ ಇದ್ದದ್ದು 1978ರ ಒಂದು ತೀರ್ಪಿನಲ್ಲಿ. ಇದೇ ನ್ಯೂಜೆರ್ಸಿಯ ಹೈಸ್ಕೂಲ್ ವಿದ್ಯಾರ್ಥಿನಿಯೊಬ್ಬಳು ಇದೇ ಕಲಮನ್ನು ಪ್ರಶ್ನಿಸಿದ್ದಳು. ಲಿಪ್ ವಿರುದ್ಧ ಮಾರಿಸ್ ಎಂಬ ಆ ಪ್ರಕರಣದಲ್ಲಿ ಮೂರನೇ ವಲಯದ ಮೇಲ್ಮನವಿ ನ್ಯಾಯಾಲಯ, ಒತ್ತಾಯದಿಂದ ಎದ್ದು ನಿಲ್ಲಿಸುವುದೂ ಒಪ್ಪಿಗೆಯ ಸನ್ನೆಯನ್ನು ಬಲವಂತವಾಗಿ ಮಾಡಿಸಿದಂತೆಯೇ ಎಂದು ತೀರ್ಮಾನಿಸಿ, ಕಲಮಿನ ‘ನಿಲ್ಲಬೇಕು’ ಎಂಬ ಭಾಗ ಸಂವಿಧಾನಬಾಹಿರ ಎಂದಿತು. ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ, ಡೆಲವೇರ್ ರಾಜ್ಯಗಳ ಒಕ್ಕೂಟ ನ್ಯಾಯಾಲಯಗಳು ಈ ವಲಯದ ತೀರ್ಪಿಗೆ ಬದ್ಧ. ಒಕ್ಕೂಟದ ಸಂವಿಧಾನ ದೇಶದ ಸರ್ವೋಚ್ಚ ಕಾನೂನು ಎಂದು ಅದರ ಆರನೇ ವಿಧಿಯೇ ಹೇಳುವುದರಿಂದ ರಾಜ್ಯದ ಕಲಮು ಅದರ ಮುಂದೆ ನಿಲ್ಲದು.

ಹಾಗಿದ್ದರೆ ಆ ಸಾಲು ಕಾನೂನು ಪುಸ್ತಕದಲ್ಲಿ ಏಕೆ ಉಳಿದಿದೆ? ನ್ಯಾಯಾಲಯಕ್ಕೆ ಒಂದು ಕಾನೂನನ್ನು ಜಾರಿಗೊಳಿಸದಂತೆ ತಡೆಯುವ ಶಕ್ತಿ ಇದೆ, ಪುಸ್ತಕದಿಂದ ಅಳಿಸುವ ಶಕ್ತಿ ಇಲ್ಲ. ಅಳಿಸಬೇಕಾದದ್ದು ಶಾಸಕಾಂಗ. ಅದು ಕೈಹಾಕದಿದ್ದರೆ ಜೀವವಿಲ್ಲದ ಸಾಲು ಅಚ್ಚಿನಲ್ಲಿ ಮುಂದುವರಿಯುತ್ತದೆ, ಕೈಪಿಡಿ ಬರೆಯುವವರು ಅದನ್ನೇ ನಕಲು ಮಾಡುತ್ತಾರೆ, ಪ್ರಾಂಶುಪಾಲರು ಅದರ ಮೇಲೆ ಬೆರಳಿಡುತ್ತಾರೆ. ಅವರು ಸುಳ್ಳು ಹೇಳಿರಲಿಲ್ಲ. ಅವರ ಮುಂದಿದ್ದ ಕಾಗದ ಅರ್ಧ ಸತ್ಯವನ್ನಷ್ಟೇ ಹೇಳುತ್ತಿತ್ತು.

ನಿರ್ಧಾರ

ಈಗ ಕುಟುಂಬದ ಮುಂದೆ ಹಲವು ದಾರಿಗಳಿದ್ದವು. ರಾಜ್ಯದ ಶಿಕ್ಷಣ ಆಯುಕ್ತರಿಗೆ 90 ದಿನಗಳೊಳಗೆ ಅರ್ಜಿ ಹಾಕಬಹುದಿತ್ತು. 1871ರ ನಾಗರಿಕ ಹಕ್ಕುಗಳ ಕಾಯ್ದೆಯಡಿ ಒಕ್ಕೂಟದ ಜಿಲ್ಲಾ ನ್ಯಾಯಾಲಯಕ್ಕೆ ಹೋಗಬಹುದಿತ್ತು. ಶಿಕ್ಷಣ ಮಂಡಳಿಯ ಸಭೆಗಳಲ್ಲಿ ಸಾರ್ವಜನಿಕರ ಮಾತಿಗೆ ಸಮಯ ಇಡಲೇಬೇಕೆಂದು ರಾಜ್ಯದ ಕಾನೂನು ಹೇಳುವುದರಿಂದ ಅಲ್ಲಿ ಎದ್ದು ಮಾತನಾಡಬಹುದಿತ್ತು. ತಾಯಿಗೆ ಈ ಕೊನೆಯ ದಾರಿ ಇಷ್ಟವಾಗಿತ್ತು. ಮಗಳು ಬೇಡವೆಂದಳು. ತನ್ನ ಹೆಸರು ಊರಿನಲ್ಲಿ ಹರಿದಾಡುವುದು ಅವಳಿಗೆ ಬೇಕಿರಲಿಲ್ಲ. ಹಕ್ಕು ಅವಳದು, ಶಿಕ್ಷೆಯೂ ಅವಳದು. ವೇದಿಕೆಯನ್ನು ಆರಿಸುವ ಮಾತೂ ಅವಳದೇ ಇರಬೇಕು ಎಂದು ತಾಯಿ ಒಪ್ಪಿಕೊಂಡರು. ಈ ಒಪ್ಪಿಗೆ ಎರಡನೆಯ ತಿರುವು. ಇಲ್ಲಿ ಒಂದು ಎಚ್ಚರಿಕೆ ಸೇರಿಸಬೇಕು: ಎಲ್ಲ ರಾಜ್ಯಗಳಲ್ಲೂ ಹೀಗಿಲ್ಲ. ಪೋಷಕರ ಒಪ್ಪಿಗೆ ಇಲ್ಲದೆ ವಿದ್ಯಾರ್ಥಿ ಪ್ರತಿಜ್ಞೆಯಿಂದ ಹೊರಗುಳಿಯುವಂತಿಲ್ಲ ಎಂಬ ಫ್ಲಾರಿಡಾದ ನಿಯಮವನ್ನು ಅಲ್ಲಿನ ಒಕ್ಕೂಟ ಮೇಲ್ಮನವಿ ನ್ಯಾಯಾಲಯ 2008ರಲ್ಲಿ ಬಹುಮಟ್ಟಿಗೆ ಉಳಿಸಿತು. ಟೆಕ್ಸಾಸ್‌ನಲ್ಲೂ ಪೋಷಕರ ಲಿಖಿತ ಕೋರಿಕೆ ಬೇಕು.

ಕೊನೆಗೆ ಆರಿಸಿಕೊಂಡದ್ದು ಒಂದು ಪುಟದ ಪತ್ರ. ಸೂಪರಿಂಟೆಂಡೆಂಟ್‌ಗೆ, ಪ್ರತಿಗಳು ಪ್ರಾಂಶುಪಾಲರಿಗೆ ಮತ್ತು ಮಂಡಳಿಯ ವಕೀಲರಿಗೆ. ಮೊದಲ ಕರಡಿನಲ್ಲಿ ‘ಅವಮಾನ’, ‘ದೌರ್ಜನ್ಯ’, ‘ತಾರತಮ್ಯ’ ಎಂಬ ಪದಗಳಿದ್ದವು. ಅವನ್ನೆಲ್ಲ ತೆಗೆದೆವು. ಉಳಿದದ್ದು ಇಷ್ಟು: ಯಾವ ದಿನ ಏನಾಯಿತು, ವಿದ್ಯಾರ್ಥಿನಿ ಮೌನವಾಗಿ ಕುಳಿತಿದ್ದಳು, ಯಾರಿಗೂ ಅಡ್ಡಿ ಮಾಡಲಿಲ್ಲ, ಕೈಪಿಡಿಯ ಈ ಸಾಲಿನ ಆಧಾರವಾದ ಭಾಗವನ್ನು 1978ರಲ್ಲಿ ನ್ಯಾಯಾಲಯ ಅನೂರ್ಜಿತಗೊಳಿಸಿದೆ, ಡಿಟೆನ್ಷನ್ ದಾಖಲೆ ತೆಗೆದುಹಾಕಿ, ಕೈಪಿಡಿ ತಿದ್ದಿ, ಶಿಕ್ಷಕರಿಗೆ ತಿಳಿಸಿ ಎಂಬ ಕೋರಿಕೆ. ‘ಅಡ್ಡಿ ಮಾಡಲಿಲ್ಲ’ ಎಂಬ ಮಾತನ್ನು ಬೇಕೆಂದೇ ಇಟ್ಟೆವು. ವಿಯೆಟ್ನಾಂ ಯುದ್ಧದ ವಿಷಯದಲ್ಲಿ ಕಪ್ಪು ಪಟ್ಟಿ ಧರಿಸಿದ ಅಯೋವಾದ ಮಕ್ಕಳ ಪ್ರಕರಣದಲ್ಲಿ, 1969ರಲ್ಲಿ, ವಿದ್ಯಾರ್ಥಿಯ ಅಭಿವ್ಯಕ್ತಿ ಶಾಲೆಯ ಕೆಲಸಕ್ಕೆ ಗಣನೀಯ ಅಡ್ಡಿ ತಂದರೆ ಮಾತ್ರ ತಡೆಯಬಹುದು ಎಂದು ಸುಪ್ರೀಂ ಕೋರ್ಟ್ ಗೆರೆ ಎಳೆದಿದೆ. ಹುಡುಗಿ ಎದ್ದು ಕೂಗಾಡಿದ್ದರೆ ಈ ಬರಹದ ಮುಂದಿನ ಭಾಗವೇ ಬೇರೆಯಾಗುತ್ತಿತ್ತು.

ವಕೀಲರಿಗೆ ಪ್ರತಿ ಹಾಕಿದ್ದಕ್ಕೂ ಕಾರಣವಿತ್ತು. 1976ರ ಒಂದು ಕಾಯ್ದೆಯ ಪ್ರಕಾರ ಇಂಥ ಹಕ್ಕಿನ ಮೊಕದ್ದಮೆಯಲ್ಲಿ ಗೆದ್ದವರ ವಕೀಲರ ಶುಲ್ಕವನ್ನೂ ಸೋತ ಸರ್ಕಾರಿ ಸಂಸ್ಥೆ ತೆರಬೇಕಾಗಬಹುದು. ಪ್ರಾಂಶುಪಾಲರಿಗೆ ಇದು ತಿಳಿದಿರಲಿಕ್ಕಿಲ್ಲ. ಮಂಡಳಿಯ ವಕೀಲರಿಗೆ ಚೆನ್ನಾಗಿ ತಿಳಿದಿರುತ್ತದೆ. ಪತ್ರದಲ್ಲಿ ಮೊಕದ್ದಮೆಯ ಬೆದರಿಕೆ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ.

ನಡೆದದ್ದು

ಅದೇ ವಾರ ಸೂಪರಿಂಟೆಂಡೆಂಟ್ ಕಚೇರಿಯಿಂದ ಕರೆ ಬಂತು. ಭೇಟಿಯಲ್ಲಿ ವಾದವೇ ನಡೆಯಲಿಲ್ಲ. ಡಿಟೆನ್ಷನ್ ರದ್ದು, ದಾಖಲೆಯಿಂದ ತೆಗೆಯುತ್ತೇವೆ, ಕೈಪಿಡಿಯ ಸಾಲನ್ನು ಬದಲಿಸುತ್ತೇವೆ ಎಂದು ಬಾಯಿಮಾತಿನಲ್ಲಿ ಹೇಳಿದರು. ಎಲ್ಲರೂ ಏಳುವ ಹೊತ್ತಿಗೆ ತಂದೆ, ಅಷ್ಟು ದಿನ ಎಲ್ಲರಿಗಿಂತ ಹೆಚ್ಚು ಹೆದರಿದ್ದವರು, “ದಯವಿಟ್ಟು ಇದನ್ನು ಬರವಣಿಗೆಯಲ್ಲಿ ಕೊಡಿ” ಎಂದರು. ಎರಡು ದಿನದಲ್ಲಿ ಪತ್ರ ಬಂತು. ಜೊತೆಗೆ, 1974ರ ಒಕ್ಕೂಟ ಕಾನೂನಿನಂತೆ ವಿದ್ಯಾರ್ಥಿಯ ದಾಖಲೆಗಳನ್ನು ಕೆಲವು ವಿನಾಯಿತಿಗಳ ಹೊರತು ಪೋಷಕರ ಒಪ್ಪಿಗೆಯಿಲ್ಲದೆ ಹೊರಗಿನವರಿಗೆ ಕೊಡುವಂತಿಲ್ಲ ಎಂಬುದನ್ನೂ ಅವರು ಕೇಳಿ ಖಚಿತಪಡಿಸಿಕೊಂಡರು. ವೀಸಾದ ವಿಷಯವನ್ನು ಪ್ರತ್ಯೇಕವಾಗಿ ವಲಸೆ ವಕೀಲರ ಬಳಿ ಮಾತನಾಡಿದರು. ಅದು ಸರಿಯಾದ ಕ್ರಮ. ಶಾಲೆಯ ವಿಷಯದಲ್ಲಿ ಕಾನೂನು ಅಷ್ಟು ಗಟ್ಟಿಯಾಗಿದ್ದರೂ, ಪ್ರಜೆಯಲ್ಲದವರ ಮೇಲೆ ವಲಸೆ ಕಾನೂನಿನಲ್ಲಿ ಸರ್ಕಾರಕ್ಕೆ ವಿಶಾಲ ಅಧಿಕಾರವಿದೆ. ಆ ಕ್ಷೇತ್ರದಲ್ಲಿ ಗ್ರಂಥಾಲಯದ ಸ್ವಯಂಸೇವಕನ ಮಾತನ್ನು ನಂಬಿ ಯಾರೂ ಹೆಜ್ಜೆ ಇಡಬಾರದು.

ಕಾಗದದಲ್ಲಿ ಗೆದ್ದ ಮೇಲೂ ತರಗತಿಯ ದಿನಗಳು ಸುಲಭವಾಗಿರಲಿಲ್ಲ. ಶಿಕ್ಷಕಿ ಹುಡುಗಿಯನ್ನು ಕರೆದು, ತಮ್ಮ ಮಗ ಹಡಗಿನಲ್ಲಿರುವಾಗ, ಪ್ರತಿಜ್ಞೆಯ ಹೊತ್ತಿನಲ್ಲಿ ಕುಳಿತಿರುವ ಮಗುವನ್ನು ನೋಡಿದರೆ ನೋವಾಗುತ್ತದೆ ಎಂದರು. ಹುಡುಗಿ ತನ್ನ ಕಾರಣ ಹೇಳಿದಳು. ಇಬ್ಬರೂ ಒಪ್ಪಲಿಲ್ಲ, ಇಬ್ಬರೂ ಕೊನೆಯವರೆಗೆ ಕೇಳಿಸಿಕೊಂಡರು. ಅಂಕಗಳಲ್ಲಿ, ನಡವಳಿಕೆಯಲ್ಲಿ ಶಿಕ್ಷಕಿ ಏನನ್ನೂ ತೋರಿಸಲಿಲ್ಲ. ಸಹಪಾಠಿಗಳಲ್ಲಿ ಕೆಲವರು ಟೀಕಿಸಿದರು. ಅದು ಅವರ ಹಕ್ಕು ಎಂದು ಅವಳು ಸುಮ್ಮನಿದ್ದಳು. ‘ನಿಮ್ಮ ದೇಶಕ್ಕೆ ಹೋಗು’ ಎಂಬ ಮಾತು ದಿನವೂ ಬರತೊಡಗಿದಾಗ ಸುಮ್ಮನಿರಲಿಲ್ಲ. ರಾಷ್ಟ್ರೀಯ ಮೂಲದ ಹೆಸರಿನಲ್ಲಿ ನಡೆಯುವ ಕಿರುಕುಳವನ್ನು ನ್ಯೂಜೆರ್ಸಿಯ 2011ರ ಕಾನೂನು ಗಂಭೀರವಾಗಿ ಪರಿಗಣಿಸುತ್ತದೆ, ಪ್ರತಿ ಶಾಲೆಯಲ್ಲೂ ಇದಕ್ಕೆಂದೇ ಒಬ್ಬರು ಇರುತ್ತಾರೆ. ಅವರಿಗೆ ಹೇಳಿದ ಮೇಲೆ ನಿಂತಿತು.

ನಮ್ಮವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಬ್ಬರು ‘ಉಂಡ ಮನೆಗೆ ಎರಡು ಬಗೆಯುವುದೇ’ ಎಂದು ಬರೆದರು. ತಾಯಿ ಅಲ್ಲೇ ಉತ್ತರಿಸಿದರು: “ಈ ಮನೆಯ ಕಟ್ಟಳೆಯ ಮೊದಲ ಸಾಲಿನಲ್ಲಿ ಏನಿದೆಯೋ ಅದನ್ನೇ ಕೇಳಿದ್ದೇವೆ.” ಆ ಮಾತಿಗೆ ಯಾರೂ ಎದುರಾಡಲಿಲ್ಲ, ಒಪ್ಪಿದವರೂ ಕಡಿಮೆ.

ಬೇರೆ ಕುಟುಂಬಗಳಿಗೆ

ಮೂರು ವಿಷಯಗಳನ್ನು ಈ ಪ್ರಕರಣ ನನಗೆ ಸ್ಪಷ್ಟಪಡಿಸಿತು. ಮೊದಲನೆಯದು, ಎದುರಿಗಿರುವವರು ಸರ್ಕಾರವೋ ಖಾಸಗಿಯೋ ಎಂಬುದನ್ನು ಕೇಳಿಯೇ ಮುಂದಿನ ಮಾತು. ಕಂಪನಿ, ಖಾಸಗಿ ಶಾಲೆ, ದೇವಸ್ಥಾನದ ಸಮಿತಿ ಇವುಗಳ ಮುಂದೆ ಮೊದಲ ತಿದ್ದುಪಡಿಯನ್ನು ಓದಿದರೆ ಪ್ರಯೋಜನವಿಲ್ಲ. ಎರಡನೆಯದು, ಅಚ್ಚಾದ ಕಾನೂನು ಇನ್ನೂ ಜೀವಂತ ಇದೆಯೇ ಎಂದು ನೋಡಬೇಕು. ಹೆಚ್ಚಿನ ಸಾರ್ವಜನಿಕ ಕಾನೂನು ಗ್ರಂಥಾಲಯಗಳಲ್ಲಿ ಟಿಪ್ಪಣಿಸಹಿತ ಆವೃತ್ತಿಗಳು ಸಿಗುತ್ತವೆ, ಕಲಮಿನ ಕೆಳಗೆ ಅದರ ಬಗ್ಗೆ ಬಂದ ತೀರ್ಪುಗಳೂ ಇರುತ್ತವೆ. ಮೂರನೆಯದು ಕುಟುಂಬದೊಳಗಿನದು, ನನ್ನ ಅಭಿಪ್ರಾಯದಲ್ಲಿ ಅತಿ ಮುಖ್ಯವಾದದ್ದು. ತಂದೆಯ ಭಯವನ್ನು ಯಾರೂ ಹೇಡಿತನ ಎನ್ನಲಿಲ್ಲ, ಮಗಳ ಹಟವನ್ನು ಯಾರೂ ಉದ್ಧಟತನ ಎನ್ನಲಿಲ್ಲ. ಹಾಗೆ ಕರೆದಿದ್ದರೆ ಪತ್ರ ಸಿದ್ಧವಾಗುವ ಮೊದಲೇ ಮನೆ ಎರಡಾಗುತ್ತಿತ್ತು.

ಇನ್ನು ಉಳಿದಿರುವುದು ಆ ಜೀವವಿಲ್ಲದ ಸಾಲು. ನ್ಯೂಜೆರ್ಸಿಯಲ್ಲಿ 40 ಶಾಸಕಾಂಗ ಕ್ಷೇತ್ರಗಳಿವೆ. ಪ್ರತಿಯೊಂದರಿಂದ ಒಬ್ಬ ಸೆನೆಟರ್, ಇಬ್ಬರು ಅಸೆಂಬ್ಲಿ ಸದಸ್ಯರು ರಾಜ್ಯದ ರಾಜಧಾನಿ ಟ್ರೆಂಟನ್ನಿಗೆ ಹೋಗುತ್ತಾರೆ. ಅಹವಾಲು ಸಲ್ಲಿಸಲು ಮತದಾನದ ಹಕ್ಕು ಇರಬೇಕಾಗಿಲ್ಲ ಎಂದು ಖಚಿತಪಡಿಸಿಕೊಂಡು ತಾಯಿ ತಮ್ಮ ಕ್ಷೇತ್ರದ ಮೂವರಿಗೂ ಬರೆದರು. 1978ರಲ್ಲೇ ಅನೂರ್ಜಿತವಾದ ಪದಗಳನ್ನು ಪುಸ್ತಕದಿಂದ ತೆಗೆಯಿರಿ ಎಂಬುದು ಕೋರಿಕೆ. ಒಂದು ಕಚೇರಿಯಿಂದ ಪತ್ರ ತಲುಪಿದೆ ಎಂಬ ಉತ್ತರ ಬಂದಿದೆ, ಮಸೂದೆ ಬಂದಿಲ್ಲ. ಆ ಕಲಮಿನ ಸಂಖ್ಯೆ 18ಎ:36-3. ನ್ಯೂಜೆರ್ಸಿಯಲ್ಲಿರುವವರು ಮೊದಲು ನಿಮ್ಮ ಮಕ್ಕಳ ಶಾಲೆಯ ಕೈಪಿಡಿಯಲ್ಲಿ ಆ ಸಾಲು ಇದೆಯೇ ನೋಡಿ. ಇದ್ದರೆ ಪತ್ರವನ್ನು ಸೂಪರಿಂಟೆಂಡೆಂಟ್‌ಗೂ ನಿಮ್ಮ ಕ್ಷೇತ್ರದ ಮೂವರು ಶಾಸಕರಿಗೂ ಕಳುಹಿಸಿ.